ಮೇಣದ ಮೇಲಿನ ಮೆಟ್ಟಿಲು, ಮೋಡದ ಮೇಲಿನ ಪಯಣ

ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಾಸಿ, ದಂಡಿಯ ಎರಡೂ ಅಂಚಿನಲ್ಲಿ ಬದುವಿನಂತೆ ಎತ್ತಿ, ಅದು ಮೆತ್ತಗಿರುವಾಗಲೇ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ತಂತಿ ಮೀಟಿ, ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟು ಆಚೀಚೆ ಸರಿಸಿ, ಸ್ವರ ನಿಂತಿತು ಅನ್ನಿಸಿದ ಮೇಲೆ ಗಟ್ಟಿ ಮಾಡುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ವೀಣೆ ಮಾಡಲು ಬಲ್ಲವರಲ್ಲೂ ಮೇಳ ಕಟ್ಟುವ ಕಿವಿ ಎಲ್ಲರಿಗೂ ಇರುವುದಿಲ್ಲ.

ನಮ್ಮ ಅಕ್ಕ ಮೈಸೂರಿನಲ್ಲಿ ವೀಣೆ ಪಾಠ ಹೇಳುತ್ತಾಳೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಅಮೆರಿಕದ ಒಂದು ಕನ್ನಡ ಕೂಟ ಅವಳನ್ನು ಕಛೇರಿಗೆ ಕರೆಯಿತು. ಬೆಂಗಳೂರಿನಲ್ಲಿ ಹತ್ತಿ, ಗಲ್ಫಿನಲ್ಲಿ ವಿಮಾನ ಬದಲಿಸಿ ಹೋದಳು. ವೀಣೆಯ ಪೆಟ್ಟಿಗೆ ಒಂದು ಗೀರೂ ಬೀಳದೆ ಅವಳ ಕೈ ಸೇರಿತು. ತೆರೆದು ನೋಡಿದರೆ ತಾರಸ್ಥಾಯಿಯ ಕಡೆಯ ಆರೇಳು ಮೆಟ್ಟಿಲುಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಮೇಣ ಮೆತ್ತಗಾಗಿ, ಇಳಿದು, ಆ ಇಳಿದ ಭಂಗಿಯಲ್ಲೇ ಮತ್ತೆ ಗಟ್ಟಿಯಾಗಿತ್ತು. ಪೆಟ್ಟಿಗೆಯನ್ನು ಯಾರೂ ಬೀಳಿಸಿರಲಿಲ್ಲ, ಎಸೆದಿರಲಿಲ್ಲ. ವಿಮಾನ ಬದಲಿಸುವ ಹೊತ್ತಿನಲ್ಲಿ ಅದು ಬಿಸಿಲಿಗೆ ನಿಂತಿತ್ತು, ಅಷ್ಟೇ.

ಕಛೇರಿಗೆ ಇನ್ನು ಎರಡು ದಿನ. ಆ ಊರಿನಲ್ಲಿ ಮೇಳ ಕಟ್ಟುವವರು ಎಲ್ಲಿ ಸಿಗಬೇಕು? ಉಳಿದುಕೊಂಡಿದ್ದ ಮನೆಯ ಅಡುಗೆಮನೆಯಲ್ಲಿ ಚಮಚ ಕಾಸಿ, ಅದರಿಂದ ಮೇಣ ಒತ್ತಿ, ಪಕ್ಕದಲ್ಲಿ ಫೋನಿನ ಶ್ರುತಿ ಇಟ್ಟುಕೊಂಡು ಅಕ್ಕ ಬೆಳಗಿನ ಜಾವದವರೆಗೆ ಕೂತು ತಾನೇ ಸರಿಮಾಡಿಕೊಂಡಳು. "ನುಡಿಸಿದೆ ಕಣೋ, ಆದರೆ ಮೇಲಕ್ಕೆ ಹೋದಾಗಲೆಲ್ಲ ಕೈ ನಡುಗುತ್ತಿತ್ತು" ಎಂದಳು. ಮೂವತ್ತು ವರ್ಷ ನುಡಿಸಿದ ಕೈ ಅದು.

ಅಂದಿನಿಂದ ನಾನು ಈ ವಿಷಯದ ಬೆನ್ನು ಹತ್ತಿದ್ದೇನೆ. ವಿಮಾನದಲ್ಲಿ ವಾದ್ಯ ಒಯ್ಯುವ ಕಲಾವಿದರನ್ನು ಕೇಳಿದ್ದೇನೆ, ನಿಯಮಗಳನ್ನು ಓದಿದ್ದೇನೆ. ಓದಿದಷ್ಟೂ ಒಂದು ಮಾತು ಸ್ಪಷ್ಟವಾಗುತ್ತ ಬಂತು. ವಿಮಾನಯಾನದ ಲೆಕ್ಕಪುಸ್ತಕಕ್ಕೆ ಗೊತ್ತಿರುವುದು ತೂಕ ಮತ್ತು ಉದ್ದ ಮಾತ್ರ. ಒಂದು ವಸ್ತು ಎಷ್ಟು ಸೂಕ್ಷ್ಮ, ಅದರ ಒಳಗೆ ಎಷ್ಟು ವರ್ಷದ ನಾದ ಪಳಗಿದೆ ಎನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಆ ಕಾಲಮ್ಮನ್ನು ಕಲಾವಿದರೇ ಅಷ್ಟಿಷ್ಟು ತುಂಬಿಕೊಳ್ಳಬೇಕಾಗಿದೆ. ಹೇಗೆ ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಮೊದಲು ವಿಮಾನದ ಹೊಟ್ಟೆಯ ವಿಚಾರ. ಸಾಮಾನು ತುಂಬುವ ಆ ಜಾಗದಲ್ಲಿ ಗಾಳಿಯ ಒತ್ತಡವೇ ಇರುವುದಿಲ್ಲ, ವಾದ್ಯ ಅಲ್ಲೇ ಸೀಳಿಹೋಗುತ್ತದೆ ಎಂಬ ನಂಬಿಕೆ ಕಲಾವಿದರಲ್ಲಿ ವ್ಯಾಪಕವಾಗಿದೆ. ಅದು ನಿಜವಲ್ಲ. ಪ್ರಯಾಣಿಕರು ಕೂರುವ ಅಂತಸ್ತು ಮತ್ತು ಅದರ ಕೆಳಗಿನ ಸಾಮಾನಿನ ಅಂತಸ್ತು ಎರಡೂ ಒಂದೇ ಕೊಳವೆಯೊಳಗಿವೆ, ಒತ್ತಡವೂ ಒಂದೇ. ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ ಇದ್ದರೂ ಹೊಟ್ಟೆಯೊಳಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಸಾಮಾನ್ಯವಾಗಿ ಇರುವುದಿಲ್ಲ. ನಾಯಿ ಬೆಕ್ಕುಗಳನ್ನು ಅಲ್ಲೇ ಒಯ್ಯುತ್ತಾರೆ. ವಾದ್ಯಕ್ಕೆ ಕಾದಿರುವ ಅಪಾಯ ನೆಲದ ಮೇಲಿನದು. ಕೌಂಟರಿನಿಂದ ಹೊರಟ ಪೆಟ್ಟಿಗೆ ಬೆಲ್ಟಿನ ಮೇಲೆ ಓಡಿ, ತಿರುವಿನಲ್ಲಿ ಜಾರಿ, ಗಾಡಿಯ ಮೇಲೆ ಬೇರೆ ಪೆಟ್ಟಿಗೆಗಳ ಅಡಿ ಸೇರಿ, ವಿಮಾನದ ಪಕ್ಕದಲ್ಲಿ ಕಾಯುತ್ತ ನಿಲ್ಲುತ್ತದೆ. ದುಬೈ, ದೋಹಾಗಳ ಬೇಸಿಗೆಯಲ್ಲಿ ನೆರಳಿನಲ್ಲೇ 45 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ನಿಂತ ಕಪ್ಪು ಪೆಟ್ಟಿಗೆಯೊಳಗಿನ ಶಾಖ ಇನ್ನೂ ಹೆಚ್ಚು. ಜೇನುಮೇಣ ಪೂರ್ತಿ ಕರಗಲು 62ರಿಂದ 64 ಡಿಗ್ರಿ ಬೇಕು ನಿಜ. ಆದರೆ ಅದು ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲೇ. ಮೆತ್ತಗಾದ ಮೇಣದ ಮೇಲೆ ಬಿಗಿದ ತಂತಿಗಳು ಒತ್ತುತ್ತಿದ್ದರೆ ಮೆಟ್ಟಿಲು ವಾಲದೆ ಇರುತ್ತದೆಯೇ? ಅಕ್ಕನ ವೀಣೆಗೆ ಆದದ್ದು ಇದೇ.

ಇನ್ನೊಂದು ಶತ್ರು ಒಣ ಗಾಳಿ. ಅದು ಮೇಲೂ ಇದೆ, ಕೆಳಗೂ ಇದೆ. ದೂರದ ಹಾರಾಟದಲ್ಲಿ ವಿಮಾನದೊಳಗಿನ ತೇವಾಂಶ ನೂರಕ್ಕೆ ಹತ್ತು ಇಪ್ಪತ್ತಕ್ಕೆ ಇಳಿದಿರುತ್ತದೆ. ನಮ್ಮ ತುಟಿ ಒಡೆಯುವಾಗ ಹಲಸಿನ ಮರವೂ ಒಣಗುತ್ತಿರುತ್ತದೆ. ವೀಣೆ, ಮೃದಂಗ ಎರಡರ ಒಡಲೂ ಬಹುಮಟ್ಟಿಗೆ ಹಲಸೇ. ತಂಬೂರಿಯ ಸೋರೆಬುರುಡೆಯಂತೂ ಒಣಗಿದ ಕಾಯಿಯ ಸಿಪ್ಪೆ. ಬೆರಳಿನಿಂದ ತುಸು ಜೋರಾಗಿ ಒತ್ತಿದರೂ ಬಿರುಕು. ಮೃದಂಗದ ಮುಚ್ಚಿಗೆಯ ತೊಗಲು ಒಣಗಿದರೆ ಬಿಗಿಯುತ್ತದೆ, ತೇವ ಕುಡಿದರೆ ಸಡಿಲಾಗುತ್ತದೆ. ಚಳಿಗಾಲದ ಊರಿನಲ್ಲಿ ಇಳಿದು, ಹೀಟರ್ ಹಾಕಿದ ಕೋಣೆಯಲ್ಲಿ ತಕ್ಷಣ ಪೆಟ್ಟಿಗೆ ತೆರೆದರೆ ಒಂದೇ ಗಂಟೆಯಲ್ಲಿ ಎರಡು ಋತುವಿನ ಏಟು ಬೀಳುತ್ತದೆ. ಅದಕ್ಕೇ ಅನುಭವಸ್ಥರು ಊರು ಸೇರಿದ ಕೂಡಲೇ ಪೆಟ್ಟಿಗೆ ತೆರೆಯುವುದಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಕೆಲವು ಗಂಟೆ ಮುಚ್ಚಿದಂತೆಯೇ ಇಟ್ಟು, ವಾದ್ಯ ಆ ಹವೆಗೆ ನಿಧಾನವಾಗಿ ಹೊಂದಿಕೊಳ್ಳಲು ಬಿಡುತ್ತಾರೆ.

ಹಾಗಾದರೆ ಜೊತೆಯಲ್ಲೇ ಒಯ್ಯಬಹುದಲ್ಲ ಎಂದು ಕೇಳಬಹುದು. ಇಲ್ಲಿಂದ ಸೆಂಟಿಮೀಟರಿನ ಗೋಳು ಶುರು. ನಮ್ಮ ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ದರ್ಜೆಯ ಕೈಚೀಲಕ್ಕೆ 7 ಕಿಲೋ ಮಿತಿ. ಉದ್ದ, ಅಗಲ, ಎತ್ತರ ಕೂಡಿಸಿದರೆ ಬಹುತೇಕ ಕಂಪನಿಗಳಲ್ಲಿ 115 ಸೆಂಟಿಮೀಟರ್, ಅದರಲ್ಲಿ ಉದ್ದ 55. ಪಿಟೀಲಿನ ಪೆಟ್ಟಿಗೆ ತೂಕದಲ್ಲಿ ಸಲೀಸಾಗಿ ಪಾಸಾಗುತ್ತದೆ. ಆದರೆ ಉದ್ದ ಸುಮಾರು 80 ಸೆಂಟಿಮೀಟರ್. ಅಂದರೆ ಕಾಗದದ ಮೇಲೆ ಪಿಟೀಲು ಕೂಡ ಕೈಚೀಲವಾಗಲಾರದು. ವಾಸ್ತವದಲ್ಲಿ ಅದು ತಲೆಯ ಮೇಲಿನ ಗೂಡಿನಲ್ಲಿ ಚೆನ್ನಾಗಿಯೇ ಕೂರುತ್ತದೆ, ಹೆಚ್ಚಿನ ಸಿಬ್ಬಂದಿ ಒಳಗೆ ಬಿಟ್ಟೂ ಬಿಡುತ್ತಾರೆ. ಕಲಾವಿದನನ್ನು ನಿಜವಾಗಿ ಹಣ್ಣು ಮಾಡುವುದು ಈ 'ಬಿಟ್ಟೂ ಬಿಡುತ್ತಾರೆ' ಎಂಬುದೇ. ಹೋಗುವಾಗ ಬಿಟ್ಟವರು ಬರುವಾಗ ಬಿಡದಿರಬಹುದು. ಕೌಂಟರಿನಲ್ಲಿ ಒಪ್ಪಿದ್ದನ್ನು ವಿಮಾನದ ಬಾಗಿಲಿನಲ್ಲಿ ಒಪ್ಪದಿರಬಹುದು. ಚಿಕ್ಕ ಊರುಗಳಿಗೆ ಹಾರುವ ಎಟಿಆರ್ ವಿಮಾನಗಳ ಗೂಡು ಇನ್ನೂ ಚಿಕ್ಕದು. ಬೆಂಗಳೂರಿನವರೆಗೆ ತಲೆಯ ಮೇಲೆ ಬಂದ ವಾದ್ಯ ಹುಬ್ಬಳ್ಳಿಗೆ ಹೋಗುವಾಗ ಹೊಟ್ಟೆ ಸೇರಬೇಕಾದೀತು. ಸಂಜೆ ಕಛೇರಿ ಇರುವವನು ಬೆಳಗ್ಗೆಯಿಡೀ ಯಾರದೋ ಸದ್ಬುದ್ಧಿಗೆ ಪ್ರಾರ್ಥಿಸುತ್ತ ಕೂರಬೇಕು ಎಂದರೆ ಅದು ವ್ಯವಸ್ಥೆ ಅಲ್ಲ.

ಈ ಅನಿಶ್ಚಿತತೆ ಎಷ್ಟು ದೂರ ಹೋಗಬಹುದು ಎಂಬುದು 2006ರ ಆಗಸ್ಟಿನಲ್ಲಿ ಕಂಡಿತು. ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲು ಮಾಡಿದ ಮೇಲೆ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೇ ತಡೆ ಬಿತ್ತು. ನೂರಾರು ವರ್ಷ ಹಳೆಯ ಪಿಟೀಲುಗಳನ್ನು ಹೊಟ್ಟೆಗೆ ಹಾಕಲು ಮನಸ್ಸಾಗದ ಸಂಗೀತಗಾರರು ಹಡಗು, ರೈಲು ಹಿಡಿದು ಹೋದರು. ವಾದ್ಯಗಳಿಗೆ ಆ ತಡೆ ಸಡಿಲವಾಗಲು ವಾರಗಳು ಹಿಡಿದವು.

ಅಮೆರಿಕದ ಸಂಗೀತಗಾರರ ಸಂಘಟನೆಗಳು ಇಂಥ ಅನುಭವಗಳನ್ನು ಒಟ್ಟುಹಾಕಿ ವರ್ಷಗಟ್ಟಲೆ ಬೆನ್ನುಬಿದ್ದವು. ಫಲವಾಗಿ 2012ರ ಫೆಬ್ರುವರಿಯಲ್ಲಿ ಅಲ್ಲಿನ ವಿಮಾನಯಾನ ಕಾಯ್ದೆಯಲ್ಲಿ ವಾದ್ಯಗಳಿಗೆಂದೇ ಒಂದು ಕಲಮು ಸೇರಿತು, 2015ರ ಮಾರ್ಚಿನಿಂದ ಅದರ ವಿವರ ನಿಯಮಗಳು ಜಾರಿಗೆ ಬಂದವು. ಆ ನಿಯಮ ಓದಿದಾಗ ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಪಿಟೀಲು, ಗಿಟಾರಿನಂಥ ಚಿಕ್ಕ ವಾದ್ಯವನ್ನು ಪ್ರಯಾಣಿಕ ಒಳಗೆ ತಂದಾಗ ಗೂಡಿನಲ್ಲೋ ಸೀಟಿನ ಕೆಳಗೋ ಜಾಗ ಇದ್ದರೆ ಅದನ್ನು ಇಡಲು ಬಿಡಲೇಬೇಕು. ಕೈಚೀಲಕ್ಕೆ ಪಡೆಯುವ ಶುಲ್ಕಕ್ಕಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಒಮ್ಮೆ ಸರಿಯಾಗಿ ಇಟ್ಟ ವಾದ್ಯವನ್ನು ಆಮೇಲೆ ಬಂದವರ ಸೂಟ್‌ಕೇಸಿಗಾಗಿ ತೆಗೆಸುವಂತಿಲ್ಲ. ದೊಡ್ಡ ವಾದ್ಯಕ್ಕೆ ಇನ್ನೊಂದು ಸೀಟು ಕೊಂಡರೆ ಪೆಟ್ಟಿಗೆ ಸೇರಿ 165 ಪೌಂಡ್, ಅಂದರೆ ಸುಮಾರು 75 ಕಿಲೋವರೆಗೆ ಒಳಗೇ ಒಯ್ಯಬಹುದು. ಹೊಟ್ಟೆಗೆ ಹಾಕುವುದಾದರೂ ಅಷ್ಟೇ ತೂಕದವರೆಗೆ, ಮೂರೂ ಅಳತೆ ಕೂಡಿ 150 ಅಂಗುಲದವರೆಗೆ ಒಪ್ಪಲೇಬೇಕು. ಗಟ್ಟಿ ಪೆಟ್ಟಿಗೆಯಲ್ಲಿಟ್ಟ ವೀಣೆ ಈ ಅಳತೆಯೊಳಗೆ ಧಾರಾಳವಾಗಿ ಬರುತ್ತದೆ.

ಆದರೆ ಇಲ್ಲಿ ನಮ್ಮವರು ಎಡವುವ ಒಂದು ಕಲ್ಲಿದೆ. ಈ ಕಾಯ್ದೆಗೆ ಬದ್ಧವಾಗಿರುವುದು ಅಮೆರಿಕದ ವಿಮಾನ ಕಂಪನಿಗಳು ಮಾತ್ರ. ಬೆಂಗಳೂರಿನಿಂದ ಗಲ್ಫ್ ಅಥವಾ ಯುರೋಪಿನ ಕಂಪನಿಯಲ್ಲಿ ಹೋಗಿ, ಅಲ್ಲಿಂದ ಅಮೆರಿಕದ ಕಂಪನಿಯಲ್ಲಿ ಮುಂದುವರಿಯುವವರಿಗೆ ಒಂದೇ ಪ್ರಯಾಣದಲ್ಲಿ ಎರಡು ಕಾನೂನು. ಟಿಕೆಟಿನ ಮೇಲೆ ಯಾವ ಕಂಪನಿಯ ಹೆಸರಿದೆ ಎನ್ನುವುದಷ್ಟನ್ನೇ ನೋಡಿದರೆ ಸಾಲದು. ಪ್ರತಿ ಹಾರಾಟದ ವಿಮಾನವನ್ನು ನಿಜವಾಗಿ ಓಡಿಸುವವರು ಯಾರು ಎಂದು ನೋಡಬೇಕು, ಆ ಕಂಪನಿಯ ವಾದ್ಯ ನಿಯಮವನ್ನು ಮುದ್ರಿಸಿ ಕೈಯಲ್ಲಿ ಇಟ್ಟುಕೊಳ್ಳಬೇಕು. ಕೌಂಟರಿನಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು.

ನಮ್ಮಲ್ಲಿ ಏನಿದೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸುತ್ತೋಲೆಯಲ್ಲಿ ವಾದ್ಯಗಳ ಪ್ರಸ್ತಾಪ ಬರುತ್ತದೆ. ಬರುವುದು ಟಿಕೆಟ್ ದರದಿಂದ ಬೇರ್ಪಡಿಸಿ ಪ್ರತ್ಯೇಕ ಶುಲ್ಕ ವಿಧಿಸಬಹುದಾದ ಸೇವೆಗಳ ಪಟ್ಟಿಯಲ್ಲಿ. ಬೇಕಾದ ಸೀಟು, ಊಟ ತಿಂಡಿ, ಕ್ರೀಡಾ ಸಾಮಗ್ರಿ, ಇವುಗಳ ಸಾಲಿನಲ್ಲಿ ಸಂಗೀತ ವಾದ್ಯವೂ ಇದೆ. ಶುಲ್ಕ ಎಷ್ಟು, ಯಾವ ಅಳತೆ, ಒಳಗೋ ಹೊಟ್ಟೆಗೋ ಎಂಬುದನ್ನು ಹೇಳುವುದು ಆಯಾ ಕಂಪನಿ.

ಇನ್ನೊಂದು ಸೀಟು ಕೊಳ್ಳುವ ದಾರಿ ಇಲ್ಲೂ ಇದೆ, ಎಲ್ಲ ಕಂಪನಿಗಳಲ್ಲೂ ಇಲ್ಲದಿದ್ದರೂ. ಚೆಲ್ಲೋ ವಾದಕರು ಬಹುಕಾಲದಿಂದ ಹೀಗೆಯೇ ಪ್ರಯಾಣ ಮಾಡುವವರು. ಸಾಮಾನ್ಯವಾಗಿ ವಾದ್ಯಕ್ಕೆ ಕೊಡುವುದು ಕಿಟಕಿಯ ಸೀಟು. ತುರ್ತು ಬಾಗಿಲಿನ ಸಾಲು ಸಿಗದು, ಬೆಲ್ಟಿನಿಂದ ಬಿಗಿಯಬೇಕು, ಪಕ್ಕದವರು ಎದ್ದು ಹೋಗುವ ದಾರಿಗೆ ಅಡ್ಡವಾಗಬಾರದು. ಹೀಗೆ ಪೂರ್ತಿ ದುಡ್ಡು ಕೊಟ್ಟರೂ ವಾದ್ಯ ಪ್ರಯಾಣಿಕ ಎನಿಸಿಕೊಳ್ಳುವುದಿಲ್ಲ. ಖ್ಯಾತ ಚೆಲ್ಲೋ ವಾದಕ ಲಿನ್ ಹ್ಯಾರೆಲ್ ತಮ್ಮ ವಾದ್ಯದ ಸೀಟಿಗೂ ಮೈಲುಗಳ ರಿಯಾಯಿತಿ ಅಂಕ ಕೂಡಿಸಿಕೊಳ್ಳುತ್ತಿದ್ದರು. 2012ರಲ್ಲಿ ವಿಮಾನ ಕಂಪನಿ ಅವರ ಖಾತೆಯನ್ನೇ ಮುಚ್ಚಿತು. ಇರಲಿ, ಅದು ದೊಡ್ಡವರ ಮಾತು. ಪಾಠ ಹೇಳಿ ಬದುಕುವ ವೀಣಾ ವಿದುಷಿ, ಕಛೇರಿಯ ಸಂಭಾವನೆಗಿಂತ ಹೆಚ್ಚು ಹಣವನ್ನು ಇನ್ನೊಂದು ಸೀಟಿಗೆ ಎಲ್ಲಿಂದ ತರಬೇಕು?

ವಾದ್ಯ ಹೊಟ್ಟೆ ಸೇರಿ ಮುರಿದು ಬಂದಾಗ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ಕೇಳಿದ ಕಥೆ ಕೆನಡಾದ ಹಾಡುಗಾರ ಡೇವ್ ಕ್ಯಾರಲ್ ಅವರದು. 2008ರ ಮಾರ್ಚಿನಲ್ಲಿ ಹ್ಯಾಲಿಫ್ಯಾಕ್ಸಿನಿಂದ ಶಿಕಾಗೋ ಮೂಲಕ ಒಮಾಹಾಗೆ ಹೋಗುವಾಗ ಅವರ ಟೇಲರ್ ಗಿಟಾರ್ ಮುರಿಯಿತು. ರಿಪೇರಿಗೆ 1,200 ಡಾಲರ್. 24 ಗಂಟೆಯೊಳಗೆ ದೂರು ಕೊಡಲಿಲ್ಲ ಎಂಬ ಕಾರಣಕ್ಕೆ ಯುನೈಟೆಡ್ ಏರ್‌ಲೈನ್ಸ್ ಪರಿಹಾರ ನಿರಾಕರಿಸಿತು. ತಿಂಗಳುಗಟ್ಟಲೆ ಪತ್ರ, ಫೋನು ಎಲ್ಲ ಮುಗಿದ ಮೇಲೆ 2009ರ ಜುಲೈನಲ್ಲಿ ಅವರು ಆ ಕಥೆಯನ್ನೇ ಹಾಡು ಮಾಡಿ ಯೂಟ್ಯೂಬಿಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದ ಮೇಲೆ ಕಂಪನಿ ಮಣಿಯಿತು. 2014ರ ಜೂನಿನಲ್ಲಿ ನಮ್ಮ ಉಸ್ತಾದ್ ಅಮ್ಜದ್ ಅಲಿ ಖಾನ್ ಅವರು ಲಂಡನ್ನಿನಿಂದ ದೆಹಲಿಗೆ ಬಂದಿಳಿದಾಗ, ದಶಕಗಳ ಕಾಲ ನುಡಿಸಿದ ಅವರ ಸರೋದ್ ಬೆಲ್ಟಿನ ಮೇಲೆ ಬರಲೇ ಇಲ್ಲ. ದೇಶದ ಪತ್ರಿಕೆಗಳೆಲ್ಲ ಬರೆದವು, ಕೆಲವು ದಿನಗಳಲ್ಲಿ ವಾದ್ಯ ಸಿಕ್ಕಿತು. ಇವರಿಬ್ಬರ ದನಿ ಕೇಳಿಸಿತು. ಮಂಗಳೂರಿನಿಂದ ಗಲ್ಫಿಗೆ ಚೆಂಡೆ, ಮದ್ದಳೆ ಒಯ್ಯುವ ಯಕ್ಷಗಾನ ಮೇಳದ ಹಿಮ್ಮೇಳದವರ ದನಿ ಯಾರಿಗೆ ಕೇಳಿಸುತ್ತದೆ? ಅವರಿಗೆ ಕಾನೂನೇ ಗತಿ. ಆದ್ದರಿಂದ ಕಾನೂನನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದನ್ನು ಒಪ್ಪಿಕೊಂಡಿದೆ. ಸಾಮಾನು ಕಳೆದರೆ, ಮುರಿದರೆ, ತಡವಾದರೆ ಒಬ್ಬ ಪ್ರಯಾಣಿಕನಿಗೆ ಕಂಪನಿ ಕೊಡಬೇಕಾದ ಗರಿಷ್ಠ ಪರಿಹಾರ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. 2024ರ ಡಿಸೆಂಬರ್ 28ರಿಂದ ಜಾರಿಯಲ್ಲಿರುವ ಈ ಮೊತ್ತ ನಮ್ಮ ಹಣದಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿ, ವಿನಿಮಯ ದರದಂತೆ ಅತ್ತಿತ್ತ. ಹಾನಿಯಾಗಿದ್ದರೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು. ಕೊಡದಿದ್ದರೆ ಮುಂದೆ ಮೊಕದ್ದಮೆಗೂ ಜಾಗವಿಲ್ಲ. ದೇಶದೊಳಗಿನ ಹಾರಾಟದ ಮಿತಿ ಇದಕ್ಕಿಂತ ಬಹಳ ಕಡಿಮೆ. 2014ರ ಅಧಿಸೂಚನೆ ನಿಗದಿ ಮಾಡಿದ್ದು 20,000 ರೂಪಾಯಿ. ಒಂದು ಒಳ್ಳೆಯ ವೀಣೆಯ ಬೆಲೆ ಅದರ ದುಪ್ಪಟ್ಟನ್ನು ಎಂದೋ ದಾಟಿದೆ.

ಈ ಮಿತಿಯನ್ನು ಮೇಲಕ್ಕೇರಿಸುವ ಒಂದು ಉಪಾಯ ಒಪ್ಪಂದದಲ್ಲೇ ಇದೆ, ಬಳಸುವವರು ಮಾತ್ರ ವಿರಳ. ಪೆಟ್ಟಿಗೆ ಒಪ್ಪಿಸುವ ಹೊತ್ತಿನಲ್ಲಿ ಅದರ ನಿಜವಾದ ಮೌಲ್ಯವನ್ನು ವಿಶೇಷವಾಗಿ ಘೋಷಿಸಿ, ಕಂಪನಿ ಕೇಳಿದ ಹೆಚ್ಚುವರಿ ಶುಲ್ಕ ಕಟ್ಟಿದರೆ, ಹೊಣೆ ಆ ಘೋಷಿತ ಮೊತ್ತದವರೆಗೆ ಏರುತ್ತದೆ. ನಮ್ಮ ಮಹಾನಿರ್ದೇಶನಾಲಯದ ಶುಲ್ಕ ಪಟ್ಟಿಯಲ್ಲೂ ಬೆಲೆಬಾಳುವ ಸಾಮಾನಿನ ವಿಶೇಷ ಘೋಷಣೆ ಎಂಬ ಒಂದು ಬಾಬ್ತು ಇದೆ. ಕೌಂಟರಿನಲ್ಲಿ ಕೇಳಿದರೆ ಅಲ್ಲಿನ ಹುಡುಗ ಹುಡುಗಿಯರಿಗೆ ಗೊತ್ತಿರದೆ ಇರಬಹುದು. ಮೇಲಿನವರನ್ನು ಕರೆಸಿ ಎಂದು ವಿನಯವಾಗಿ ಹೇಳಬೇಕು. ಇನ್ನು 'ಒಡೆಯುವ ವಸ್ತು, ಕಂಪನಿ ಹೊಣೆಯಲ್ಲ' ಎಂಬ ಚೀಟಿಗೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದನ್ನು ಕಂಡು ಪೂರ್ತಿ ಎದೆಗುಂದಬೇಕಾಗಿಲ್ಲ. ಒಪ್ಪಂದ ಹೊರಿಸಿದ ಹೊಣೆಯನ್ನು ಕಳಚಿಕೊಳ್ಳುವ ಯಾವ ಕರಾರೂ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಊರ್ಜಿತವಲ್ಲ ಎಂದು ಅದೇ ಒಪ್ಪಂದ ಹೇಳುತ್ತದೆ. ಆದರೆ ಹಾನಿಗೆ ವಸ್ತುವಿನ ಸ್ವಂತ ದೋಷವೋ ಗುಣವೋ ಕಾರಣ ಎಂದು ತೋರಿಸಿದರೆ ಕಂಪನಿಗೆ ಬಿಡುಗಡೆ ಇದೆ. ಮೇಣ ಕರಗುವುದು ಮೇಣದ ಗುಣ ಎಂದು ವಾದಿಸಿದರೆ? ಅಕ್ಕನಿಗೆ ಹೇಳಿದ್ದು ಹೆಚ್ಚೂಕಡಿಮೆ ಇದನ್ನೇ. ಪೆಟ್ಟಿಗೆಗೆ ಏಟು ಬಿದ್ದಿಲ್ಲವಲ್ಲ ಅಮ್ಮ ಎಂದು ಕಳಿಸಿದರು.

ಅಳತೆ, ತೂಕ, ಪರಿಹಾರ ಇಷ್ಟರಲ್ಲೇ ಮುಗಿಯುವುದಿಲ್ಲ. ವಾದ್ಯ ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ ಗಡಿಯಲ್ಲಿ ಕಾದಿರುತ್ತದೆ. ಮೈಸೂರಿನ ಹಳೆಯ ವೀಣೆಗಳ ಅಂದವನ್ನು ಬಲ್ಲವರಿಗೆ ಬೀಟೆ ಮರ ಮತ್ತು ದಂತದ ಕುಸುರಿ ಗೊತ್ತು. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ 2017ರ ಜನವರಿ 2ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದರು. ಸ್ವಂತ ಬಳಕೆಗೆ 10 ಕಿಲೋವರೆಗೆ ವಿನಾಯಿತಿ ಇದ್ದರೂ, ಮಾರಾಟಕ್ಕೆ ಗಡಿಯಾಚೆ ಕಳಿಸುವ ವಾದ್ಯಗಳಿಗೆ ಪರ್ಮಿಟ್ ಬೇಕಾಯಿತು. ಗಿಟಾರಿನಿಂದ ಕ್ಲಾರಿನೆಟ್ಟಿನವರೆಗೆ ವಾದ್ಯ ತಯಾರಕರೆಲ್ಲ ಅಹವಾಲು ಸಲ್ಲಿಸಿದ ಮೇಲೆ, 2019ರಲ್ಲಿ ಜಿನೀವಾದಲ್ಲಿ ನಡೆದ ಸಮಾವೇಶ ಸಿದ್ಧ ವಾದ್ಯಗಳನ್ನೂ ಅವುಗಳ ಬಿಡಿಭಾಗಗಳನ್ನೂ ಈ ಕಟ್ಟಿನಿಂದ ಬಿಡಿಸಿತು. ಆ ವರ್ಷದ ನವೆಂಬರ್ 26ರಿಂದ ಅದು ಜಾರಿಯಲ್ಲಿದೆ. ಬ್ರೆಜಿಲ್ಲಿನ ಬೀಟೆಗೆ ಮಾತ್ರ ಈ ಬಿಡುಗಡೆ ಇಲ್ಲ. ಹಾಗಾಗಿ ನಮ್ಮ ಬೀಟೆಯ ವೀಣೆ ಒಯ್ಯುವವರು ಹೆದರಬೇಕಾಗಿಲ್ಲ. ಮರ ಯಾವುದು, ವಾದ್ಯ ಯಾವಾಗಿನದು ಎಂದು ತಯಾರಕರಿಂದ ಒಂದು ಪತ್ರ ಬರೆಸಿ ಇಟ್ಟುಕೊಂಡರೆ ಸಾಕು. ದಂತ ಕೂರಿಸಿದ ವೀಣೆಯ ಮಾತು ಬೇರೆ. ಆನೆದಂತದ ಮೇಲಿನ ಕಾನೂನು ಇಲ್ಲೂ ಕಠಿಣ, ಹೊರಗೂ ಕಠಿಣ. ಅಜ್ಜಿಯ ಕಾಲದ್ದೆಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಅಂಥ ವೀಣೆ ಮನೆಯಲ್ಲೇ ಇರಲಿ, ಪ್ರಯಾಣಕ್ಕೆ ಇನ್ನೊಂದು ಹೊರಡಲಿ.

ಖಂಜಿರದ ವಿಷಯ ಇನ್ನೂ ಗಂಭೀರ. ಅಂಗೈಯಗಲದ ಈ ವಾದ್ಯ ಯಾವ ಚೀಲದಲ್ಲಾದರೂ ಹಿಡಿಯುತ್ತದೆ, ಆದ್ದರಿಂದ ಯಾರೂ ಯೋಚಿಸುವುದಿಲ್ಲ. ಸಾಂಪ್ರದಾಯಿಕ ಖಂಜಿರಕ್ಕೆ ಬಿಗಿದಿರುವುದು ಉಡದ ಚರ್ಮ. ಉಡ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ, ಸೈಟಿಸ್‌ನಲ್ಲೂ ಮೊದಲ ಅನುಬಂಧದ್ದು. ಆ ನಾದ ಮೇಕೆಯ ಚರ್ಮಕ್ಕೆ ಬರುವುದಿಲ್ಲ ಎಂದು ಹಳೆಯ ವಿದ್ವಾಂಸರು ಹೇಳುವುದನ್ನು ನಾನು ಗೌರವದಿಂದಲೇ ಕೇಳಿದ್ದೇನೆ. ಆದರೂ ಈಗ ಮೇಕೆಯ ಚರ್ಮ, ಕೃತಕ ಮುಚ್ಚಿಗೆಗಳಲ್ಲೇ ಚೆನ್ನಾಗಿ ನುಡಿಸುವವರು ಇದ್ದಾರೆ. ಉಡವೂ ಉಳಿಯಬೇಕು, ಕಲಾವಿದನೂ ಜೈಲು ಸೇರಬಾರದು.

ಡೊಳ್ಳು, ಚೆಂಡೆ, ಮೃದಂಗ ಹಿಡಿದು ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಇಳಿಯುವಾಗ ತುಂಬುವ ಫಾರಮ್ಮಿನಲ್ಲಿ ಮರ, ಚರ್ಮದ ವಸ್ತುಗಳಿವೆ ಎಂದು ಘೋಷಿಸಲೇಬೇಕು. ರೋಗ, ಕೀಟ ಒಳಬರದಂತೆ ತಡೆಯುವ ಕಾನೂನು ಅಲ್ಲಿ ಬಲು ಬಿಗಿ. ಹೇಳಿದರೆ ಪರೀಕ್ಷಿಸಿ ಬಿಡುವ ಸಾಧ್ಯತೆ ಇದೆ, ಮುಚ್ಚಿಟ್ಟರೆ ದಂಡ. ಮುಚ್ಚಿಗೆಯ ಮೇಲೆ ಕೂದಲು ಉಳಿದಿದ್ದರೆ, ಮೃದಂಗದ ಎಡಭಾಗದಲ್ಲಿ ಹಿಂದಿನ ಕಛೇರಿಯ ರವೆ ಒಣಗಿ ಅಂಟಿಕೊಂಡಿದ್ದರೆ ಹೊರಡುವ ಮುನ್ನವೇ ಕೆರೆದು ಒರೆಸಿಕೊಳ್ಳಬೇಕು. ಕೊಳಲಿನವರು ಹೆಚ್ಚುವರಿ ಬಿದಿರಿನ ತುಂಡುಗಳನ್ನು ಒಯ್ಯದಿರುವುದು ಕ್ಷೇಮ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಬೂಜೆಮಾ ರಜ್ಗುಯಿ ಎಂಬ ಕೊಳಲು ವಾದಕರ ಪೆಟ್ಟಿಗೆಯಲ್ಲಿದ್ದುದನ್ನು ಹಸಿ ಬಿದಿರು ಎಂದು ಅಧಿಕಾರಿಗಳು ನಾಶಪಡಿಸಿದರು. ಅವು ತಾವೇ ಕೈಯಾರೆ ಮಾಡಿದ ನೇಯ್ ಕೊಳಲುಗಳು ಎಂದು ಅವರು ದುಃಖಪಟ್ಟರು.

ಇಷ್ಟೆಲ್ಲ ತೊಡಕಿಗೆ ಸಂಗೀತಲೋಕ ತನ್ನದೇ ಉತ್ತರಗಳನ್ನು ಹುಡುಕಿಕೊಂಡಿದೆ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ನುಡಿಸುವ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ರಾಡೆಲ್ ಹೆಸರಿನ ಆ ಪುಟ್ಟ ಪೆಟ್ಟಿಗೆ ಇಂದು ಕಛೇರಿ ಮಾಡುವವರ ಚೀಲದಲ್ಲೆಲ್ಲ ಇದೆ; ನಾಲ್ಕಡಿಯ ತಂಬೂರಿಯನ್ನು ಹೊತ್ತು ಹಾರುವ ಭಯ ಅದರಿಂದ ತಪ್ಪಿತು. ಮೃದಂಗಕ್ಕೆ ತೊಗಲ ಬಾರಿನ ಬದಲು ನಟ್ಟು ಬೋಲ್ಟು ಬಂದವು. ಊರು ಸೇರಿದ ಮೇಲೆ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಶ್ರುತಿ ಸೇರುತ್ತದೆ. ಫೈಬರ್‌ಗ್ಲಾಸ್ ಒಡಲಿನ, ಕೃತಕ ಮುಚ್ಚಿಗೆಯ ಮೃದಂಗವನ್ನೂ ಬೆಂಗಳೂರಿನಲ್ಲೇ ರೂಪಿಸಿದ್ದಾರೆ. ದಂಡಿ ಕಳಚಿ ಜೋಡಿಸುವ ವೀಣೆಯೂ ಸಿಗುತ್ತದೆ. ಇವನ್ನೆಲ್ಲ ನಾನು ಮೆಚ್ಚುತ್ತೇನೆ. ಆದರೂ ಒಂದೇ ಮರದಿಂದ ಕೊರೆದ ಏಕಾಂಡ ವೀಣೆಯ ನಾದ ಕೇಳಿದವರಿಗೆ, ವಿಮಾನದ ಅನುಕೂಲಕ್ಕಾಗಿ ವಾದ್ಯವನ್ನು ತುಂಡು ಮಾಡಬೇಕಾಗಿ ಬಂದದ್ದು ನೋವಿನ ಸಂಗತಿಯೇ.

ಅಕ್ಕ ಈಗಲೂ ಹೋಗುತ್ತಾಳೆ, ತನ್ನ ವೀಣೆಯೊಂದಿಗೇ ಹೋಗುತ್ತಾಳೆ. ಬೇಸಿಗೆಯಲ್ಲಿ ಗಲ್ಫಿನ ದಾರಿ ಹಿಡಿಯುವುದಿಲ್ಲ, ಬೇರೆ ದಾರಿಯ ಟಿಕೆಟ್ ಸ್ವಲ್ಪ ತುಟ್ಟಿಯಾದರೂ ಸರಿ. ಹೊರಡುವ ಹಿಂದಿನ ದಿನ ತಂತಿಗಳನ್ನು ಎರಡು ಮೂರು ಸ್ವರದಷ್ಟು ಇಳಿಸುತ್ತಾಳೆ. ಪೂರ್ತಿ ಬಿಚ್ಚುವುದಿಲ್ಲ, ಬಿಚ್ಚಿದರೆ ಕುದುರೆ ಜಾಗ ಬಿಟ್ಟು ಕದಲುತ್ತದೆ. (ಪಿಟೀಲಿನವರು ಇದನ್ನು ಇನ್ನೂ ನೆನಪಿಡಬೇಕು. ಅದರ ಒಡಲೊಳಗೆ ಅಂಟಿಲ್ಲದೆ ತಂತಿಯ ಒತ್ತಡಕ್ಕಷ್ಟೇ ನಿಂತಿರುವ ಕಡ್ಡಿಯೊಂದಿದೆ, ಫ್ರೆಂಚರು ಅದನ್ನು ಆತ್ಮ ಎಂದೇ ಕರೆಯುತ್ತಾರೆ. ತಂತಿ ಪೂರ್ತಿ ಸಡಿಲವಾದರೆ ಅದು ಬಿದ್ದುಹೋಗುತ್ತದೆ.) ವೀಣೆಯ ಸೋರೆಬುರುಡೆಯನ್ನು ಕಳಚಿ ಕೈಚೀಲದಲ್ಲಿ ಒಯ್ಯುತ್ತಾಳೆ. ಮೆಟ್ಟಿಲುಗಳ ಮೇಲೆ, ತಂತಿಯ ಅಡಿಯಲ್ಲಿ ಹತ್ತಿಬಟ್ಟೆಯ ಪಟ್ಟಿ ತೂರಿಸುತ್ತಾಳೆ. ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ಕತ್ತಿನ ಸುತ್ತ ಮೆತ್ತನೆಯ ಸೀರೆ ಸುತ್ತುತ್ತಾಳೆ, ಏಕೆಂದರೆ ಏಟು ಬಿದ್ದಾಗ ಮೊದಲು ಮುರಿಯುವುದು ಅಲ್ಲಿಯೇ. ಒಂದು ಡಬ್ಬಿಯಲ್ಲಿ ಮೇಣ, ಎರಡು ಬಿಡಿ ಮೆಟ್ಟಿಲು, ಒಂದು ಸುತ್ತು ತಂತಿ. ತಂತಿ ಕತ್ತರಿಸುವ ಇಕ್ಕಳ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲೇ ಇರಬೇಕು, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ತಬಲದ ಸುತ್ತಿಗೆ, ಚೆಂಡೆಯ ಕೋಲುಗಳನ್ನೂ ಹಾಗೆಯೇ ಇಡುವುದು ಮೇಲು. ಎಲೆಕ್ಟ್ರಾನಿಕ್ ತಂಬೂರಿಯ ಬಿಡಿ ಲಿಥಿಯಂ ಬ್ಯಾಟರಿಯ ನಿಯಮ ಇದಕ್ಕೆ ತದ್ವಿರುದ್ಧ. ಅದು ಕೈಚೀಲದಲ್ಲೇ ಇರಬೇಕು, ಹೊಟ್ಟೆಗೆ ಹಾಕುವಂತಿಲ್ಲ.

ಕೌಂಟರಿಗೆ ಒಪ್ಪಿಸುವ ಮುನ್ನ ಪೆಟ್ಟಿಗೆ ತೆರೆದು, ಆ ದಿನದ ಬೋರ್ಡಿಂಗ್ ಪಾಸನ್ನು ವೀಣೆಯ ಪಕ್ಕದಲ್ಲಿಟ್ಟು ಫೋಟೋ ತೆಗೆಯುತ್ತಾಳೆ. ಇಳಿದ ಊರಿನಲ್ಲಿ ನಿಲ್ದಾಣ ಬಿಡುವ ಮೊದಲೇ, ಬೆಲ್ಟಿನ ಪಕ್ಕದಲ್ಲೇ ಮುಚ್ಚಳ ಒಂದಿಷ್ಟು ಎತ್ತಿ ನೋಡಿ ಮತ್ತೆ ಮುಚ್ಚುತ್ತಾಳೆ. ಹವೆಗೆ ಹೊಂದುವವರೆಗೆ ತೆರೆಯಬಾರದು ಎಂದ ನಾನೇ ಇದನ್ನೂ ಹೇಳುತ್ತಿದ್ದೇನೆ. ಒಂದು ನಿಮಿಷದ ಇಣುಕಿನಿಂದ ಮರಕ್ಕೆ ಏನೂ ಆಗದು. ಆದರೆ ನಿಲ್ದಾಣ ದಾಟಿ ಹೋದಮೇಲೆ ಹಾನಿ ಎಲ್ಲಿ ಆಯಿತು ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಹಾನಿ ಕಂಡರೆ ಅಲ್ಲೇ ಸಾಮಾನು ವಿಭಾಗದಲ್ಲಿ ಲಿಖಿತ ವರದಿ ಮಾಡಿಸಿ, ಅದರ ಪ್ರತಿ ಪಡೆಯಬೇಕು.

ಇವೆಲ್ಲ ಒಬ್ಬೊಬ್ಬ ಕಲಾವಿದರು ತಾವಾಗಿ ಮಾಡಿಕೊಳ್ಳುವ ರಕ್ಷಣೆ. ಸರ್ಕಾರ ಮಾಡಬೇಕಾದದ್ದು ಹೆಚ್ಚೇನಿಲ್ಲ. ಗೂಡಿನಲ್ಲಿ ಜಾಗ ಇದ್ದರೆ ಚಿಕ್ಕ ವಾದ್ಯವನ್ನು ಒಳಗೆ ಬಿಡಲೇಬೇಕು, ದೊಡ್ಡ ವಾದ್ಯವನ್ನು ಬೆಲ್ಟಿಗೆ ಹಾಕದೆ ಕೈಯಿಂದ ಕೈಗೆ ದಾಟಿಸಬೇಕು, ನೆಲದ ಮೇಲೆ ಕಾಯುವಾಗ ನೆರಳಿನಲ್ಲಿ ಇಡಬೇಕು. ಈ ಮೂರು ಮಾತನ್ನು ಮಹಾನಿರ್ದೇಶನಾಲಯ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಲಿ. ವಾದ್ಯಕ್ಕೆ ಶುಲ್ಕ ಪಡೆಯಬಹುದು ಎಂದು ಬರೆದವರು, ಆ ಶುಲ್ಕಕ್ಕೆ ಪ್ರತಿಯಾಗಿ ಏನು ಕೊಡಬೇಕು ಎಂಬುದನ್ನೂ ಬರೆಯಬೇಕು.

ಓದುಗರಲ್ಲೂ ಒಂದು ಕೋರಿಕೆ ಇದೆ. ಮುಂದಿನ ಸಲ ವಿಮಾನ ಹತ್ತಿದಾಗ ಯಾರಾದರೂ ಉದ್ದನೆಯ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಗೂಡಿನಲ್ಲಿ ಜಾಗ ಹುಡುಕುತ್ತಿದ್ದರೆ, ನಿಮ್ಮ ಚೀಲವನ್ನು ಎದುರು ಸೀಟಿನ ಕೆಳಗೆ ಇಟ್ಟುಕೊಂಡು ಅವರಿಗೆ ಆ ಜಾಗ ಬಿಟ್ಟುಕೊಡಿ.